ನಕ್ಷೆಯಲ್ಲಿ ಒಂದೇ ಪೈಪು

ಮಾನವ ಮತ್ತು ಪರಿಸರದ ಸಂಬಂಧ ಎಂಬ ಪಾಠವನ್ನು ವರ್ಷಗಟ್ಟಲೆ ಹೇಳಿದ್ದೇನೆ. ಹೇಳಿ ಹೇಳಿ ನನಗೇ ಸಾಕಾಗಿದೆ. ಪುಸ್ತಕದಲ್ಲಿ ಹಿಮದ ಮನೆ ಕಟ್ಟುವ ಎಸ್ಕಿಮೋ ಇದ್ದಾನೆ, ಮರುಭೂಮಿಯಲ್ಲಿ ಒಂಟೆಯ ಜೊತೆ ಅಲೆಯುವವನಿದ್ದಾನೆ, ನೈಲ್ ನದಿಯ ಪ್ರವಾಹವಿದೆ. ಹುಡುಗರು ಅದನ್ನು ಉರು ಹೊಡೆಯುತ್ತಾರೆ, ಬರೆಯುತ್ತಾರೆ, ಪಾಸಾಗುತ್ತಾರೆ, ಮರೆಯುತ್ತಾರೆ. ಸಿಂಧನೂರಿನಲ್ಲಿ ನಾನು ಪಾಠ ಹೇಳುವ ಕಾಲೇಜಿನ ಕಿಟಕಿ ತೆರೆದರೆ ಭತ್ತದ ಗದ್ದೆಯ ವಾಸನೆ ಒಳಗೆ ಬರುತ್ತದೆ. ಒಳಗೆ ಮಾತ್ರ ಎಸ್ಕಿಮೋ ಕೂತಿರುತ್ತಾನೆ.

ನಾನಿರುವುದು ಲಿಂಗಸುಗೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮಸ್ಕಿಯವರೆಗೆ ಎರಡೂ ಕಡೆ ಕಪ್ಪು ಮಣ್ಣಿನ ಎರಿಹೊಲ, ಜೋಳ, ತೊಗರಿ, ಕಡಲೆ. ಸಂತೆಕಲ್ಲೂರಿನ ಕಡೆಯ ಹೆಂಗಸರು ಗಂಟುಮೂಟೆ ಹೊತ್ತು ಹತ್ತುತ್ತಾರೆ, ಮಸ್ಕಿಯಲ್ಲಿ ಇಳಿಯುತ್ತಾರೆ. ಮಸ್ಕಿ ದಾಟಿ ಒಂದಿಷ್ಟು ದೂರ ಹೋದಮೇಲೆ ನೆಲ ಹಸಿರಾಗುತ್ತದೆ. ಅದು ಮಳೆಯ ಹಸಿರಲ್ಲ, ಕಾಲುವೆಯ ಹಸಿರು. ನನ್ನ ಪಾಠ ಪೂರ್ತಿಯಾಗಿ ಆ ರಸ್ತೆಯ ಮೇಲೇ ಇದೆ. ಟಿಕೆಟು ತೆಗೆದುಕೊಂಡು ಕಿಟಕಿ ಬದಿಗೆ ಕೂತರೆ ಸಾಕು. ಆದರೆ ಕಿಟಕಿ ಬದಿಗೆ ಕೂತವರೆಲ್ಲ ಮೊಬೈಲು ನೋಡುತ್ತಿರುತ್ತಾರೆ, ನನ್ನ ವಿದ್ಯಾರ್ಥಿಗಳೂ ಸೇರಿ.

ಕಾಲುವೆಯ ಸಂಗತಿ ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಮೇಲಿನವರಿಗೆ ಎರಡು ಬೆಳೆ ಭತ್ತ. ಕೊನೆಯವರಿಗೆ ಒಂದು ಬೆಳೆಗೂ ನೀರು ಮುಟ್ಟುವುದು ಅನುಮಾನ. ಮಸ್ಕಿ ಕಡೆಯ ಕೊನೆಯ ಹಳ್ಳಿಗಳಲ್ಲಿ ಉಪಕಾಲುವೆಯ ಒಳಗೇ ಜಾಲಿ ಬೆಳೆದಿದೆ, ಅಲ್ಲಿ ಆಡು ಮೇಯುತ್ತವೆ. ನಡುವೆ ನೀರೆಲ್ಲಿ ಹೋಯಿತು ಎಂದರೆ, ದಂಡೆಯ ಅಡಿಯಲ್ಲಿ ಕದ್ದು ಹೂತಿರುವ ಪೈಪುಗಳಲ್ಲಿ ಹೋಯಿತು. ಸರದಿ ಇರಲಿ ಬಿಡಲಿ, ಮೋಟರು ಹಚ್ಚಿದರೆ ನೀರು ಹೊಲಕ್ಕೆ. ಅತಿಯಾಗಿ ನೀರು ಕುಡಿದ ಮೇಲಿನ ಹೊಲಗಳು ಸವುಳಾಗಿ ಬೆಳ್ಳಗೆ ಉಪ್ಪು ಉಗುಳುತ್ತವೆ, ಕೆಳಗಿನವು ಬಾಯಿ ಬಿಡುತ್ತವೆ. ಯಾರ ಪೈಪು ಎಲ್ಲಿದೆ ಎಂದು ದಂಡೆಯ ಮೇಲೆ ಓಡಾಡುವ ಪ್ರತಿಯೊಬ್ಬರಿಗೂ ಗೊತ್ತು. ಹೇಳುವವರು ಮಾತ್ರ ಇಲ್ಲ.

ಹೀಗಿರುವಾಗ ಉತ್ತರ ಯುರೋಪಿನ ಒಂದು ಸಣ್ಣ ಊರಿನ ಕಾಲೇಜಿನವರು ನಮ್ಮ ಜೊತೆ ಸೇರಿ ಈ ಪಾಠವನ್ನು ಕಲಿಸಲು ಒಪ್ಪಿದರು. ಅಲ್ಲಿಯ ಒಬ್ಬ ವಿದ್ಯಾರ್ಥಿ, ಇಲ್ಲಿಯ ಒಬ್ಬ ವಿದ್ಯಾರ್ಥಿ ಜೋಡಿಯಾಗಿ ತಮ್ಮ ತಮ್ಮ ಊರಿನ ನೀರನ್ನು ಓದಬೇಕು, ನಕ್ಷೆ ಬರೆಯಬೇಕು, ವಿಡಿಯೋದಲ್ಲಿ ಕೂತು ಮಾತಾಡಬೇಕು. ನಮ್ಮ ಪ್ರಾಂಶುಪಾಲರಿಗೆ ಕಾಲು ನೆಲಕ್ಕೆ ಹತ್ತಲಿಲ್ಲ. "ಇಂಟರ್‌ನ್ಯಾಷನಲ್ ಬಂತು ನೋಡ್ರಿ ಮೇಡಂ! ಮುಂದಿನ ಸಲ ಕಾಲೇಜು ನೋಡಾಕ ಬರೋ ಟೀಮಿಗೆ ಇದನ್ನ ತೋರಿಸಬೇಕು" ಎಂದರು. ಬ್ಯಾನರು ಮೊದಲು ಬಂತು, ಇಂಟರ್ನೆಟ್ಟು ಆಮೇಲೆ ಬಂತು. ಅದೂ ಸರಿಯಾಗಿ ಬರಲಿಲ್ಲ. ಕೊನೆಗೆ ನನ್ನ ಮೊಬೈಲನ್ನೇ ಕಿಟಕಿಯಲ್ಲಿ ಸಿಗ್ನಲ್ ಸಿಗುವ ಜಾಗ ಹುಡುಕಿ ಇಟ್ಟು ಕ್ಲಾಸು ನಡೆಸಿದೆವು.

ನಮ್ಮದು ಮಧ್ಯಾಹ್ನ, ಅವರದು ಬೆಳಗು. ಆ ಕಡೆಯ ಮೇಷ್ಟ್ರು ಒಳ್ಳೆಯ ಮನುಷ್ಯ. ಪ್ರತಿ ಸಲ ಮೊದಲು ನಮ್ಮ ಬಿಸಿಲು ಹೇಗಿದೆ ಎಂದು ಕೇಳುತ್ತಿದ್ದ, ತನ್ನ ಮಳೆಯ ಬಗ್ಗೆ ಗೊಣಗುತ್ತಿದ್ದ. ಅವರ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ. ಹೊಲದಿಂದ ನೀರನ್ನು ಹೊರಗೆ ಹಾಕಲು ಹಗಲೂ ರಾತ್ರಿ ಪಂಪು ಓಡಿಸುತ್ತಾರಂತೆ. ಇದನ್ನು ಕೇಳಿ ನಮ್ಮ ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಇತ್ತಾಗ ಕಳಸ್ರಿ ಅಂತ ಹೇಳ್ರಿ ಮೇಡಂ, ಮಸ್ಕಿಗೆ ಮುಟ್ಟಲಿ" ಎಂದ ಹಿಂದಿನ ಬೆಂಚಿನವನೊಬ್ಬ. ನಾನದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಆ ಕಡೆಯವರೂ ನಕ್ಕರು. ಅವತ್ತು ಬಸ್ಸಿನಲ್ಲಿ ಮರಳಿ ಬರುವಾಗ, ಇಷ್ಟು ವರ್ಷದಲ್ಲಿ ಈಗ ಪಾಠ ಶುರುವಾಯಿತು ಎಂದು ನನಗೆ ನಿಜವಾಗಿ ಅನ್ನಿಸಿತ್ತು. ಅನ್ನಿಸಿದ್ದು ನನ್ನ ದಡ್ಡತನ.

ಅಂತಿಮ ವರ್ಷದಲ್ಲಿ ಒಬ್ಬ ಹುಡುಗಿ ಇದ್ದಳು. ದಢೇಸುಗೂರಿನ ಬಸ್ಸಿಗೆ ಬರುತ್ತಿದ್ದಳು. ಊರು ಅದರಾಚೆ, ಕಾಲುವೆಯ ದಂಡೆಗೇ ಹೊಂದಿದ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಆದರೆ ಕೈಗೆ ಪೆನ್ಸಿಲು ಸಿಕ್ಕರೆ ನೋಡಬೇಕು. ಅವಳು ಎಳೆದ ಗೆರೆಯನ್ನು ಅಳಿಸಿ ಮತ್ತೆ ಎಳೆದದ್ದನ್ನು ನಾನು ನೋಡಿಲ್ಲ. ಬಿ.ಎಡ್. ಮುಗಿಸಿ ಭೂಗೋಳದ ಟೀಚರ್ ಆಗಬೇಕು ಎಂಬುದೊಂದೇ ಅವಳ ಆಸೆ. ಅವರ ಓಣಿಯಲ್ಲಿ ಹತ್ತನೇ ಇಯತ್ತೆ ದಾಟಿದ ಹುಡುಗಿಯರೇ ಇಲ್ಲ. ಅಡ್ಮಿಶನ್ನಿಗೆ ಬಂದ ದಿನ ಅವಳ ಅಪ್ಪ ನನ್ನೆದುರಿಗೆ ನಿಂತು, "ಎಲ್ಲಿ ತನಕ ಓದ್ತಾಳ ಓದ್ಲಿ ಮೇಡಂ, ನನ್ನ ಕಡಿಂದ ತಕರಾರಿಲ್ಲ. ಊರಾಗ ನಮ್ಮ ಇಜ್ಜತ್ ಒಂದು ಹೋಗಬಾರ್ದು, ಅಷ್ಟ" ಎಂದಿದ್ದ. ಆ ಷರತ್ತಿನ ಮೇಲೆಯೇ ಅವಳ ಓದು ನಡೆದಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳಿಗೆ ಜೋಡಿಯಾಗಿ ಸಿಕ್ಕವಳು ಆ ಕಡೆಯ ಒಬ್ಬ ಕತ್ತರಿಸಿದ ಕೂದಲಿನ ಹುಡುಗಿ. ರಜೆಯ ದಿನ ದನದ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದಳಂತೆ. ಇವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಅವಳಿಗೂ ಅದು ಮನೆಮಾತಲ್ಲ. ಇಬ್ಬರೂ ಚಿತ್ರ ಬರೆದು ಕ್ಯಾಮೆರಾದೆದುರು ಹಿಡಿಯುತ್ತಿದ್ದರು. ಇವಳು ತೂಬು ಬರೆದು ತೋರಿಸಿದರೆ ಅವಳು ತನ್ನೂರಿನ ಪಂಪುಮನೆ ಬರೆದು ತೋರಿಸುತ್ತಿದ್ದಳು. ಎಮ್ಮೆಯ ಚಿತ್ರ ನೋಡಿ ಅವಳಿಗೆ ಖುಷಿಯೋ ಖುಷಿ. ಕ್ಲಾಸು ಮುಗಿದರೂ ಇವರಿಬ್ಬರ ನಗೆ ಮುಗಿಯುತ್ತಿರಲಿಲ್ಲ, ನಾನೇ ಮೊಬೈಲು ಕಸಿದುಕೊಳ್ಳಬೇಕಾಗುತ್ತಿತ್ತು.

ಬೇಸಿಗೆ ಬೆಳೆಗೆ ನಾಟಿ ಮುಗಿದಿತ್ತು. ಕ್ಲಾಸನ್ನೆಲ್ಲ ಕರೆದುಕೊಂಡು ಕಾಲುವೆಯ ದಂಡೆಯ ಮೇಲೆ ನಡೆದೆ. ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿದ್ದೆ. ಅವಳಿಗೆ ಅವಳ ಊರಿನ ಮುಂದಿನ ಭಾಗವೇ ಬಂದಿತ್ತು. ದಾರಿ ಬಲ್ಲವಳು, ಮನೆ ಹತ್ತಿರ, ಇನ್ನೇನು ಬೇಕು. ತೂಬು, ಸೇತುವೆ, ಬಟ್ಟೆ ಒಗೆಯುವ ಕಲ್ಲು, ಸವುಳು ಬಿದ್ದ ಹೊಲ, ನೀರೆತ್ತುವ ಪೈಪು, ಕಂಡದ್ದನ್ನೆಲ್ಲ ಗುರುತು ಮಾಡಿ ಎಂದಿದ್ದೆ. ಪೈಪುಗಳನ್ನು ಎಲ್ಲರೂ ಕಂಡೆವು. ಕೆಲವನ್ನು ಎಡವಿದೆವು ಕೂಡ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಅದೇ ಊರಿನ, ಅದೇ ದಂಡೆಗೆ ಹೊಲವಿರುವ ಇನ್ನೂ ಮೂವರು ಹುಡುಗರು ಕ್ಲಾಸಿನಲ್ಲಿದ್ದರು. ಅವರು ಮುಂದೆ ಮುಂದೆ ನಡೆದುಬಿಟ್ಟರು.

ವಾರ ಕಳೆದು ಅವಳು ನಕ್ಷೆ ತಂದು ನನ್ನ ಟೇಬಲ್ಲಿನ ಮೇಲೆ ಹರಡಿದಳು. ಅದೇ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಎರಡೂ ದೇಶದವರು ನೋಡುವಂತೆ, ತಿದ್ದುವಂತೆ ಏರಿಸಿಯೂ ಇದ್ದಳು. ನಕ್ಷೆ ನೋಡಿ ಮನಸ್ಸು ತಂಪಾಯಿತು, ಅಷ್ಟು ಚೆಂದ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದೆ. ಆ ಉದ್ದಕ್ಕೂ ಕೆಂಪು ಗುರುತು ಒಂದೇ ಒಂದು ಇತ್ತು.

"ಇದೇನವ್ವ, ಇಷ್ಟುದ್ದ ಕಾಲುವಿಗೆ ಒಂದ ಪೈಪೇನು? ಅವತ್ತು ಎಡವಿಕೋತ ಬಂದೀವಲ್ಲ?"

"ಅದು ನಮ್ಮದ್ರಿ ಮೇಡಂ. ನಮ್ಮದು ನಾ ಹಾಕೀನಿ. ಉಳಿದದ್ದು ಅವರವರು ಹಾಕ್ತಾರ. ಜಾಗ ಬಿಟ್ಟೀನಿ ನೋಡ್ರಿ."

"ನೀನ ಹಾಕಿಬಿಟ್ರ ಏನಾಕೈತಿ?"

ಅವಳು ಗಾಬರಿಯಾಗಿ ನನ್ನನ್ನು ನೋಡಿದಳು. "ಹಂಗ ಹಾಕಬಾರ್ದ್ರಿ. ಬ್ಯಾರೇದವರ ಮನೀದು ನಾವು ಹೆಂಗ ಹೇಳಾಕ ಬರ್ತೈತ್ರಿ?"

ಅವಳು ಹೇಳಿದ್ದು ಅವರೂರಿನ ಹಳೆಯ ರೀತಿ. ನೀರಿನ ಜಗಳ ಬಂದು ಹಿರಿಯರು ಕಟ್ಟೆಗೆ ಕೂತರೆ ಅಲ್ಲಿ ಯಾರೂ ಇನ್ನೊಬ್ಬರ ಮೇಲೆ ಬೆರಳು ಮಾಡುವಂತಿಲ್ಲ. ಪ್ರತಿ ಮನೆಯವನೂ ಎದ್ದು ನಿಂತು ತನ್ನದನ್ನು ತಾನೇ ಹೇಳಬೇಕು. ಒಬ್ಬ "ನಂದೊಂದು ಐತ್ರಿ" ಎಂದು ಶುರುಮಾಡಿದರೆ ಮುಂದಿನವನು, ಅವನ ಮುಂದಿನವನು, ಹೀಗೆ ಸುತ್ತು ಬರಬೇಕು. ಮೊದಲು ಎದ್ದವನಿಗೆ ಊರಲ್ಲಿ ಮರ್ಯಾದೆ. ಅವಳಜ್ಜ ಹಾಗೆ ಮೊದಲು ಏಳುತ್ತಿದ್ದನಂತೆ. ಅದನ್ನವಳು ನನಗೆ ಹೆಮ್ಮೆಯಿಂದ ಹೇಳಿದಳು. ಅವಳ ಲೆಕ್ಕದಲ್ಲಿ ನಕ್ಷೆ ಎಂದರೆ ಕಟ್ಟೆ. ಅವಳು ಎದ್ದು ನಿಂತಿದ್ದಾಳೆ, ಇನ್ನು ಉಳಿದವರು ಏಳಬೇಕು.

ಕೇಳಿ ನನಗೆ ಇಷ್ಟವಾಯಿತು, ಸುಳ್ಳೇಕೆ ಹೇಳಲಿ. ಆ ಮೂವರು ಹುಡುಗರನ್ನು ಕರೆದು, "ಅಕಿ ತಂದು ಹಾಕ್ಯಾಳ. ನಿಮ್ಮ ನಿಮ್ಮದು ನೀವು ಹಾಕ್ರಿ" ಎಂದೆ. "ಹೂಂರಿ ಮೇಡಂ, ಇವತ್ತ ಹಾಕ್ತೀವಿ" ಎಂದರು. ಮರುದಿನ ಕೇಳಿದೆ, "ನೆಟ್ ಇರಲಿಲ್ರಿ" ಎಂದರು. ಆಮೇಲೆ ಹಬ್ಬದ ರಜೆ ಬಂತು. ರಜೆ ಮುಗಿಸಿ ಬಂದಾಗ ಮೂವರೂ ಜ್ವರವಂತೆ, ಒಟ್ಟಿಗೇ. ಹುಡುಗರ ಜ್ವರವೂ ಹೊಲದ ಬದುವಿನಂತೆ ಒಂದಕ್ಕೊಂದು ಹೊಂದಿಕೊಂಡೇ ಇರುತ್ತದೆ.

ಅಷ್ಟರಲ್ಲಿ ಆ ಕಡೆಯವರ ಗಡುವು ಬಂದುಬಿಟ್ಟಿತ್ತು. ಅವರು ಹೇಳಿದ ದಿನಕ್ಕೆ ಹೇಳಿದ ಕೆಲಸ ಮಾಡುವ ಜನ. ಏರಿಸಿಟ್ಟ ನಕ್ಷೆಯನ್ನು ಇದ್ದ ಹಾಗೆ ತೆಗೆದುಕೊಂಡು, ದೊಡ್ಡದು ಮಾಡಿ, ತಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ಪ್ರದರ್ಶನಕ್ಕೆ ಹಾಕಿದರು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು. ನಕ್ಷೆಯಲ್ಲಿ ಒಂದೇ ಕೆಂಪು ಗುರುತು ಇದೆ, ಅಂದರೆ ಒಂದೇ ಪೈಪು ಇದೆ. ಕೆಳಗೆ ಇಂಗ್ಲಿಷಿನಲ್ಲಿ, ಒಂದು ಕುಟುಂಬ ಸರದಿ ಮೀರಿ ಎತ್ತುವ ನೀರಿನಿಂದ ಕಾಲುವೆಯ ಕೊನೆಯ ಹಳ್ಳಿಗಳೆಲ್ಲ ಹೇಗೆ ಒಣಗುತ್ತವೆ ಎಂದು ಬರೆದಿದ್ದರು. ಬರೆದವಳು ಆ ಕತ್ತರಿಸಿದ ಕೂದಲಿನ ಹುಡುಗಿಯೇ. ಧೈರ್ಯವಾಗಿ ತನ್ನ ಮನೆಯ ಪೈಪನ್ನೇ ತೋರಿಸಿದವಳು ಎಂದು ಗೆಳತಿಯ ಹೆಸರನ್ನು ಪ್ರೀತಿಯಿಂದ ಮೇಲೆ ಹಾಕಿದ್ದಳು. ಖಾಲಿ ಬಿಟ್ಟ ಜಾಗ ಖಾಲಿ ಜಾಗವಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಕ್ಲಾಸಿನಲ್ಲಿದ್ದ ಮಸ್ಕಿ ಕಡೆಯ ಒಬ್ಬ ಹುಡುಗ ಅದನ್ನು ತನ್ನ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಅವನ ಮೇಲೂ ನನಗೆ ಪೂರ್ತಿ ಸಿಟ್ಟು ಮಾಡಲಾಗುವುದಿಲ್ಲ. ಅವರ ಹೊಲಕ್ಕೆ ನೀರು ಬಂದು ಎಷ್ಟು ಕಾಲವಾಯಿತೋ. 'ನಮ್ಮ ನೀರು ಕುಡಿದವರು ಇವರೇ' ಎಂದು ಮೇಲೊಂದು ಸಾಲು ಬೇರೆ ಬರೆದ. ಸಂಜೆಯೊಳಗೆ ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ ಸಿಂಧನೂರು, ಲಿಂಗಸುಗೂರು, ಮುದಗಲ್ಲಿನವರೆಗೂ ಮುಟ್ಟಿತು. ಮರುದಿನ ನನ್ನ ಬಸ್ಸಿನ ಕಂಡಕ್ಟರು ಟಿಕೆಟು ಹರಿಯುತ್ತ ಅದನ್ನು ನನಗೇ ತೋರಿಸಿ, "ನೋಡ್ರಿ ಮೇಡಂ, ಒಂದ ಮನಿ! ಎಂಥಾ ಮಂದಿ ಇರ್ತಾರ!" ಎಂದ. ನಾನು ಟಿಕೆಟು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಬಸ್ಸಿನಲ್ಲಿ ಯಾರಿಗೆ ಏನೆಂದು ಹೇಳುವುದು?

ಕೊನೆ ಭಾಗದ ರೈತರು ರಸ್ತೆಗೆ ಕೂತರು. ಕೂಗಾಟವಾಯಿತು, ಟೈರು ಸುಟ್ಟರು. ಏನಾದರೂ ಮಾಡಿ ತೋರಿಸಬೇಕಾಗಿದ್ದ ನೀರಾವರಿ ಇಲಾಖೆಯವರು ಜೀಪಿನಲ್ಲಿ ಬಂದು ಆ ಪೈಪನ್ನು ಕಿತ್ತರು. ನಕ್ಷೆಯಲ್ಲಿ ಒಂದೇ ಇತ್ತು, ಒಂದನ್ನೇ ಕಿತ್ತರು. ಫೋಟೋ ತೆಗೆಸಿಕೊಂಡರು. ಕಿತ್ತ ಪೈಪಿನ ಎಡಕ್ಕೂ ಬಲಕ್ಕೂ ಬೇರೆಯವರ ಮೋಟರುಗಳು ಆಗಲೂ ಗರ್ ಎನ್ನುತ್ತಿದ್ದವಂತೆ. ಮಸ್ಕಿಯ ಕೊನೆಯ ಹಳ್ಳಿಗೆ ಅವತ್ತೂ ನೀರು ಮುಟ್ಟಲಿಲ್ಲ, ಅದಾದ ಮೇಲೂ ಮುಟ್ಟಿಲ್ಲ.

ಅವಳು ಕಾಲೇಜಿಗೆ ಬರುವುದು ನಿಂತಿತು.

ಆ ಕಡೆಯ ಮೇಷ್ಟ್ರಿಗೆ ನಾನು ಬರೆದ ಇಮೇಲಿನಲ್ಲಿ ಖಾರ ಜಾಸ್ತಿಯೇ ಇತ್ತು. ಅವನು ಅವತ್ತೇ ನಕ್ಷೆಯನ್ನು ತೆಗೆದುಹಾಕಿದ, ಉದ್ದವಾಗಿ ಕ್ಷಮೆ ಕೇಳಿದ, ತನ್ನ ವಿದ್ಯಾರ್ಥಿನಿ ಅಳುತ್ತಿದ್ದಾಳೆ ಎಂದು ಬರೆದ. ಆಮೇಲೆ ಒಂದು ದಾರಿಯನ್ನೂ ತೋರಿಸಿದ. ಉಳಿದ ಪೈಪುಗಳನ್ನು ಗುರುತಿಸಿ ಪೂರ್ತಿ ನಕ್ಷೆ ಹಾಕೋಣ, ಸತ್ಯ ಎಲ್ಲರಿಗೂ ತಿಳಿಯಲಿ ಎಂದ. ಸರಿಯಾದ ಮಾತೇ. ಓದಿದವರ ಮಾತು ಕಾಗದದ ಮೇಲೆ ಯಾವಾಗಲೂ ಸರಿಯಾಗಿಯೇ ಇರುತ್ತದೆ. ನನಗೂ ಅದೇ ಸರಿ ಅನ್ನಿಸಿ, ಅವಳ ಮನೆಗೆ ಹೊರಟೆ.

ದಢೇಸುಗೂರಿನ ಬಸ್ಸಿಳಿದು ಹಂಚಿಕೆಯ ಆಟೋದಲ್ಲಿ ಆ ಹಳ್ಳಿಗೆ ಹೋದೆ. ಆಟೋದವನು ಯಾರ ಮನೆ ಎಂದು ಕೇಳಿ, ಹೇಳಿದ ಮೇಲೆ ಹಿಂದೆ ತಿರುಗಿ ನನ್ನನ್ನು ಒಮ್ಮೆ ಪೂರ್ತಿ ನೋಡಿದ. ಅಪ್ಪ ಅಂಗಳದಲ್ಲಿ ಸಲಿಕೆಯ ಕಾವು ಬಿಗಿಮಾಡುತ್ತಿದ್ದ. ನನ್ನನ್ನು ಕಂಡು ಎದ್ದು, ಕುರ್ಚಿ ತಂದು ಹಾಕಿ, ಒಳಗೆ ತಿರುಗಿ "ಚಾ ಲಾ ಗೇ" ಎಂದ. ಬೈಯುತ್ತಾನೆ ಎಂದುಕೊಂಡು ಹೋಗಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಪೈಪ್ ಹೋತು, ಹೋಗ್ಲಿ ಬಿಡ್ರಿ ಮೇಡಂ. ಅದು ತಪ್ಪ ಇತ್ತು. ಎಲ್ಲಾರೂ ಮಾಡ್ತಾರಂತ ನಾನೂ ಮಾಡಿದ್ನಿ" ಎಂದ. ಸಲಿಕೆಯನ್ನು ಗೋಡೆಗೆ ಒರಗಿಸಿದ. "ನಿಮ್ಮ ನಕ್ಷಾದಾಗ ನಮ್ಮ ಮನಿ ಒಂದ ಐತಿ ಅಲ್ಲೇನ್ರಿ?"

ನಾನು ಆ ಕಡೆಯ ಮೇಷ್ಟ್ರು ಹೇಳಿದ್ದನ್ನು ಹೇಳಿದೆ. ಉಳಿದವರದನ್ನೂ ಹಾಕಿ ನಕ್ಷೆ ಸರಿ ಮಾಡುತ್ತೇವೆ, ಆಗ ನಿಮ್ಮೊಬ್ಬರದೇ ಅಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ನಿಮ್ಮ ಮನೆಯ ಮೇಲಿನ ಅಪವಾದ ತಪ್ಪುತ್ತದೆ ಎಂದೆ.

ಅವನು ಎರಡೂ ಕೈ ಎತ್ತಿದ. "ಬ್ಯಾಡ್ರಿ! ನಿಮಗ ಕೈ ಮುಗೀತೀನಿ. ಅವರದು ಹಾಕಿದ್ರ ನಾವು ಈ ಊರಾಗ ಹೆಂಗ ಇರಬೇಕು?"

ಆಮೇಲೆ ನಿಜ ಹೊರಗೆ ಬಂತು. ಹಿಂದಿನ ದಿನ ಅಕ್ಕಪಕ್ಕದ ಹೊಲದವರು, ಆ ಮೂವರು ಹುಡುಗರ ಅಪ್ಪಂದಿರೂ ಸೇರಿ, ಮನೆಗೆ ಬಂದಿದ್ದರಂತೆ. ಜಗಳಕ್ಕಲ್ಲ, ಸಮಾಧಾನಕ್ಕೆ. ನಾಟಿ ಮಾಡಿದ ಭತ್ತ ನೀರಿಲ್ಲದೆ ಕೆಂಪಾಗುತ್ತಿದೆ, ನೋಡಿಕೊಂಡು ಸುಮ್ಮನಿರಲು ನಮಗೂ ಆಗುವುದಿಲ್ಲ, ನಮ್ಮ ಪೈಪಿನಿಂದ ನಿಮಗೂ ನೀರು ಬಿಡುತ್ತೇವೆ ಎಂದರಂತೆ.

"ಭಲೇ ಮಂದಿ ಅದಾರ್ರಿ, ಸುಳ್ಳು ಹೇಳಬಾರ್ದು" ಎಂದ ಅವನು. "ಒಂದ ಮಾತು ಕೇಳ್ಯಾರ. ಇವತ್ತು ನಿಮ್ಮದು ಬರದಾಳ, ನಾಳಿ ನಮ್ಮದು ಬರೀತಾಳ. ಹುಡುಗೀನ ಕಾಲೇಜ್ ಬಿಡಸ್ರಿ ಅಂದಾರ. ನಾ ಹೂಂ ಅಂದೀನಿ."

ಯಾರ ಹೆಸರನ್ನು ಅವಳು ಬಾಯಿ ಬಿಡಲಿಲ್ಲವೋ ಅವರೇ ಬಂದು ಅವಳ ಬಾಯಿ ಕಟ್ಟಿ ಹೋಗಿದ್ದರು, ಅದೂ ಉಪಕಾರ ಮಾಡಿ. "ಪರೀಕ್ಷೆ ಒಂದು ಬರೀಲ್ರಿ. ಇನ್ನೇನು ಮುಗದ ಬಂತು. ಓದು ಮುಗಿಸ್ಯಾಳ ಅಂತ ಒಂದು ಕಾಗದನಾದ್ರೂ ಇರ್ತೈತಿ" ಎಂದು ಬೇಡಿಕೊಂಡೆ. ಬೇಡಿಕೊಂಡೆ ಎಂಬ ಪದವೇ ಸರಿ. ನಾನು ಹಾಗೆ ಯಾರೆದುರಿಗೂ ಮಾತಾಡಿದವಳಲ್ಲ. "ನೋಡೋಣ್ರಿ" ಎಂದ. ನಮ್ಮ ಕಡೆ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು.

ಚಹಾ ತಂದವಳು ಅವಳೇ. ಕಪ್ಪು ಕೊಟ್ಟಳು, ಕೂಡಲಿಲ್ಲ. ಮುಖದಲ್ಲಿ ಅತ್ತ ಗುರುತೂ ಇರಲಿಲ್ಲ. ನಾನು ಹೊರಟಾಗ ತಲೆಯ ಮೇಲಿನ ದುಪಟ್ಟ ಸರಿಮಾಡಿಕೊಂಡು ಓಣಿಯ ತಿರುವಿನವರೆಗೆ ಬಂದಳು.

"ಮೇಡಂ, ಆ ಮೂವರು ತಮ್ಮದು ಹಾಕಿದ್ರ ಸರಿ ಇರ್ತಿತ್ತು ಅಲ್ರಿ?"

"ಹೂಂ. ಸರಿ ಇರ್ತಿತ್ತು."

"ಅವರಿಗೆ ಏನೂ ಅನಬ್ಯಾಡ್ರಿ. ಅವರ ಮನ್ಯಾಗ ಬಿಡಾಂಗಿಲ್ಲ."

ಅನ್ನಬೇಡ ಎಂದಳು, ನಾನು ಅಂದೆ. ಮರುದಿನವೇ ಮೂವರನ್ನೂ ವಿಭಾಗಕ್ಕೆ ಕರೆದು ಬಾಗಿಲು ಹಾಕಿ, ಬಾಯಿಗೆ ಬಂದದ್ದೆಲ್ಲ ಬೈದೆ. ಇಬ್ಬರು ತಲೆ ಕೆಳಗೆ ಹಾಕಿ ನಿಂತರು. ಮೂರನೆಯವನು, ಓದಿನಲ್ಲಿ ಚುರುಕಾದವನು, ತಲೆ ಎತ್ತಿ ಹೇಳಿದ:

"ಅಕಿ ಹಂಗ ತಿಳ್ಕೊಂಡಾಳಂತ ನಮಗೆ ಹೆಂಗ ಗೊತ್ರಿ ಮೇಡಂ? ಕಟ್ಟಿ ಮ್ಯಾಲ ಎದ್ದು ಹೇಳೋದೆಲ್ಲ ಅಜ್ಜ-ಮುತ್ಯಾರ ಕಾಲಕ್ಕ ಹೋತ್ರಿ. ಈಗ ಯಾರು ಹೇಳ್ತಾರ?"

ಅವನು ಉದ್ಧಟತನದಿಂದ ಹೇಳಲಿಲ್ಲ. ನಿಜವಾಗಿ ಆಶ್ಚರ್ಯಪಟ್ಟು ಹೇಳಿದ. ಆಗ ನನ್ನ ಸಿಟ್ಟು ಇಳಿದುಹೋಯಿತು. ಸಿಟ್ಟು ಇಳಿದ ಜಾಗದಲ್ಲಿ ಏನೂ ಉಳಿಯಲಿಲ್ಲ. ಆ ರೀತಿ ಸತ್ತು ಬಹಳ ಕಾಲವಾಗಿತ್ತು. ಊರಿಗೆಲ್ಲ ಗೊತ್ತಿತ್ತು. ಅಜ್ಜನ ಮಾತು ಕೇಳಿ ಬೆಳೆದ ಆ ಹುಡುಗಿಗೊಬ್ಬಳಿಗೆ ಗೊತ್ತಿರಲಿಲ್ಲ, ದಿನಾ ಬಸ್ಸಿನಲ್ಲಿ ಬಂದು ಪಾಠ ಹೇಳಿ ಹೋಗುವ ನನಗೂ ಗೊತ್ತಿರಲಿಲ್ಲ.

ಪ್ರಾಂಶುಪಾಲರ ಹತ್ತಿರ ಹೋಗಿ, ಅವಳ ಹಾಜರಾತಿಗೆ ಏನಾದರೂ ಮಾಡಿ ಪರೀಕ್ಷೆಗೆ ಕೂಡಲು ಬಿಡಿ ಎಂದು ಕೇಳಿದೆ. ಅದಕ್ಕೆ ಅವರು ಇಲ್ಲವೆನ್ನಲಿಲ್ಲ, ಕೆಟ್ಟ ಮನುಷ್ಯರಲ್ಲ. ಹಾಲ್ ಟಿಕೆಟ್ಟು ಬಂತು. ಅವರಿಗೆ ಬೇರೆ ಚಿಂತೆ ಇತ್ತು. "ಮುಂದಿನ ವರ್ಷಾನೂ ಅವರು ಬರ್ತೀವಿ ಅಂದಾರ ಮೇಡಂ. ಆದ್ರ ಈ ನೀರು ಗೀರು ಬ್ಯಾಡ. ಏನರೆ ಹಬ್ಬ, ಊಟ, ಉಡುಪು ಅಂತ ತಗೋರಿ" ಎಂದರು. ಆ ಕಡೆಯ ಮೇಷ್ಟ್ರೂ ಈ ಸಲ ವಿಷಯವನ್ನು ನೀವೇ ಆರಿಸಿ ಎಂದು ಬರೆದಿದ್ದ. ಊಟ ಎಂದು ಬರೆದು ಕಳಿಸಿದೆ. ಹುಡುಗರು ಜೋಳದ ರೊಟ್ಟಿಯ ಫೋಟೋ ಹಾಕುತ್ತಾರೆ, ಅವರು ತಮ್ಮ ಚೀಸಿನ ಫೋಟೋ ಹಾಕುತ್ತಾರೆ. ಯಾರಿಗೂ ತೊಂದರೆಯಿಲ್ಲ.

ಪರೀಕ್ಷೆಯ ದಿನ ಬಂತು. ಭೂಗೋಳದ ಪತ್ರಿಕೆ ಬೆಳಗಿನದು. ನಾನು ಒಂದು ಬಸ್ಸು ಮೊದಲೇ ಬಂದು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲೇ ನಿಂತೆ. ಬರುತ್ತಾಳೆ ಎಂಬ ನಂಬಿಕೆಯಿಂದಲ್ಲ. ನೋಡೋಣ ಎಂದಿದ್ದನಲ್ಲ, ಅದಕ್ಕೆ. ದಢೇಸುಗೂರಿನ ಬಸ್ಸು ಬಂತು. ಆ ಮೂವರು ಹುಡುಗರು ಇಳಿದರು. ನನ್ನನ್ನು ಕಂಡು ನಮಸ್ಕಾರ ಮಾಡಿ ಬೇಗ ಬೇಗ ನಡೆದರು. ಎಲ್ಲರೂ ಇಳಿದ ಮೇಲೆ ಅವಳ ಅಪ್ಪ ಇಳಿದ. ಒಬ್ಬನೇ ಇದ್ದ. ಬಗಲಲ್ಲಿ ಗೊಬ್ಬರದ ಚೀಲದಿಂದ ಹೊಲಿದ ಕೈಚೀಲ.

ಅವನೇ ಹತ್ತಿರ ಬಂದ.

"ಬೆಳಿ ಹೆಂಗೈತಿ?" ಎಂದೆ.

"ಚಲೋ ಐತ್ರಿ. ನೀರು ಬಿಡಾಕತ್ತಾರ. ಮಾತಿಗೆ ತಪ್ಪಿಲ್ಲ." ಚೀಲವನ್ನು ನನ್ನ ಕೈಗೆ ಕೊಟ್ಟ. ಭಾರವಾಗಿತ್ತು. ಒಳಗೆ ಅವಳ ಪುಸ್ತಕಗಳು, ಅಟ್ಲಾಸು, ಪೆನ್ಸಿಲಿನ ಡಬ್ಬಿ. "ಯಾರಿಗರೆ ಬಡವರ ಹುಡುಗಿಗೆ ಕೊಡ್ರಿ ಮೇಡಂ."

"ಇರಲಿ ಬಿಡ್ರಿ, ಮನ್ಯಾಗ ಇರಲಿ. ಮುಂದ ಎಂದರೆ ಬೇಕಾಗ್ತಾವ."

ಅವನು ತಲೆ ಅಲ್ಲಾಡಿಸಿದ. ಬೇರೆ ಕಡೆ ನೋಡುತ್ತ, ಬಸ್ಸಿನ ಗದ್ದಲದಲ್ಲಿ ಕೇಳಿಸದಷ್ಟು ಸಣ್ಣದಾಗಿ ಹೇಳಿದ:

"ಬ್ಯಾಡ್ರಿ. ಮನ್ಯಾಗ ಇದ್ರ ದಿನಾ ತಗದು ಮುಂದಿಟ್ಕೊಂಡು ಕುಂದರ್ತಾಳ. ಅಳಂಗೂ ಇಲ್ಲ, ಓದಂಗೂ ಇಲ್ಲ. ನಮಗ ನೋಡಾಕ ಆಗವಲ್ದು."

ಅವನು ಅದೇ ಬಸ್ಸಿಗೆ ಮರಳಿ ಹತ್ತಿ ಕೂತ. ನಾನು ಚೀಲ ಹಿಡಿದು ಕಾಲೇಜಿಗೆ ನಡೆದೆ. ಪರೀಕ್ಷೆಯ ಗಂಟೆ ಹೊಡೆಯುವುದರೊಳಗೆ ಮುಟ್ಟಬೇಕಿತ್ತು.